ಹಾಯಿಹಡಗಿನಿಂದ ಊರ್ಡಿಗೆರೆಯ ಹೊಲದವರೆಗೆ

1500ರ ಏಪ್ರಿಲ್ 22ರಂದು ಪೆಡ್ರೊ ಆಲ್ವಾರೆಸ್ ಕಬ್ರಾಲ್ ಎಂಬ ಪೋರ್ಚುಗೀಸ್ ಕಪ್ತಾನನ ಹಡಗುಗಳಿಗೆ ಬ್ರೆಜಿಲ್‌ನ ನೆಲ ಕಂಡಿತು. ದಡದಲ್ಲಿ ಅವರಿಗೆ ಎದುರಾದವರು ತುಪಿನಿಕಿಂ ಎಂಬ ಮೂಲನಿವಾಸಿಗಳು. ಅದೇ ವರ್ಷ ಆಗಸ್ಟ್ ಹೊತ್ತಿಗೆ ಆ ಹಡಗುಗಳ ಪೈಕಿ ಬಿರುಗಾಳಿಗೆ ಬಲಿಯಾಗದೆ ಉಳಿದವು ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು, ನೀರು ತುಂಬಿಕೊಂಡು, ರಿಪೇರಿ ಮಾಡಿಕೊಂಡು ಕೋಳಿಕ್ಕೋಡಿನ ಕಡೆ ಹೊರಟವು. ಲಿಸ್ಬನ್ ಬಿಟ್ಟಾಗ 13 ಇದ್ದ ಹಡಗುಗಳು ಇಲ್ಲಿಗೆ ಮುಟ್ಟುವಾಗ ಆರೇ ಆರು.

ಒಂದೇ ದಂಡು, ಒಂದೇ ವರ್ಷ, ಎರಡು ದಡ. ಬ್ರೆಜಿಲ್‌ನ ಕರಾವಳಿಯಲ್ಲಿ ಮೂಲನಿವಾಸಿಗಳು ಕೆಲವೇ ತಲೆಮಾರುಗಳಲ್ಲಿ ನೆಲ ಕಳೆದುಕೊಂಡರು. ಕನ್ನಡ ಕರಾವಳಿಯಲ್ಲಿ ಹಾಗಾಗಲಿಲ್ಲ. ಇಲ್ಲಿನ ರಾಜರು, ರಾಣಿಯರು, ವ್ಯಾಪಾರಿಗಳು ಪೋರ್ಚುಗೀಸರ ಜೊತೆ ಒಮ್ಮೆ ಕೂಡಿ, ಒಮ್ಮೆ ಕಾದಾಡಿ, ಒಂದೂವರೆ ಶತಮಾನದ ನಂತರ ಅವರ ಕೋಟೆಗಳನ್ನೇ ಕಿತ್ತುಕೊಂಡರು. ಈ ವ್ಯತ್ಯಾಸ ಏಕೆ? ಕಡಲಿನಿಂದ ಇಷ್ಟು ದೂರದ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ, ದೇವರಾಯನದುರ್ಗದ ಮಗ್ಗುಲಿನ ಊರ್ಡಿಗೆರೆಯಂಥ ಊರಿಗೆ ಇದರಿಂದ ತಟ್ಟಿದ್ದೇನು? ಆ ವ್ಯವಸ್ಥೆ ನಡೆಯುತ್ತಿದ್ದ ಬಗೆಯನ್ನು ಒಂದೊಂದೇ ಭಾಗವಾಗಿ ನೋಡೋಣ.

ಮೊದಲು ಗಾಳಿಯ ಲೆಕ್ಕ

ಹಾಯಿಹಡಗಿಗೆ ಗಾಳಿಯೇ ಇಂಧನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಮುಂಗಾರು ಗಾಳಿ ಆಫ್ರಿಕ ಮತ್ತು ಅರೇಬಿಯದ ಕಡೆಯಿಂದ ನಮ್ಮ ಕಡೆಗೆ ಬೀಸುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಗಾಳಿ ತಿರುಗಿ ಆ ಕಡೆ ಒಯ್ಯುತ್ತದೆ. ಜೂನ್, ಜುಲೈನಲ್ಲಿ ಕಡಲು ಉಕ್ಕುವುದರಿಂದ ಪಶ್ಚಿಮ ಕರಾವಳಿಯ ಬಂದರುಗಳು ಬಾಗಿಲು ಹಾಕಿದಂತೆಯೇ. ಹೀಗಾಗಿ ಹಡಗು ಬರುವುದಾದರೆ ಮಳೆ ಹಿಡಿಯುವ ಮೊದಲು ಬರಬೇಕು, ಇಲ್ಲವೇ ಮಳೆಯ ಕೊನೆಗೆ ಬರಬೇಕು. ಗುಜರಾತಿ, ಅರಬ್, ಮಲಬಾರಿನ ನಾವಿಕರಿಗೆ ಇದು ನೂರಾರು ವರ್ಷಗಳಿಂದ ಗೊತ್ತಿದ್ದ ಸಂಗತಿ.

ಕಬ್ರಾಲ್‌ಗಿಂತ ಮೊದಲು ಬಂದ ಪೋರ್ಚುಗೀಸ್ ಕಪ್ತಾನ ವಾಸ್ಕೋ ಡ ಗಾಮನಿಗೆ ಗೊತ್ತಿರಲಿಲ್ಲ. 1497ರ ಜುಲೈ 8ರಂದು ನಾಲ್ಕು ಹಡಗುಗಳೊಂದಿಗೆ ಲಿಸ್ಬನ್ ಬಿಟ್ಟ ಅವನು ಮರುವರ್ಷ ಏಪ್ರಿಲ್‌ನಲ್ಲಿ ಪೂರ್ವ ಆಫ್ರಿಕದ ಮಾಲಿಂದಿ ಬಂದರು ತಲುಪಿದ. ಅಲ್ಲಿನ ಸುಲ್ತಾನ ಅವನಿಗೆ ದಾರಿ ಬಲ್ಲ ನಾವಿಕನೊಬ್ಬನನ್ನು ಕೊಟ್ಟ. ಆ ನಾವಿಕ ಗುಜರಾತಿನವನಿರಬೇಕು ಎನ್ನುವುದು ಹಲವು ಇತಿಹಾಸಕಾರರ ಮತ. ಅವನ ನೆರವಿನಿಂದ ಅರಬ್ಬಿ ಸಮುದ್ರ ದಾಟಲು ಹಿಡಿದದ್ದು ಮೂರು ವಾರದ ಮೇಲೆ ಒಂದೆರಡು ದಿನ. 1498ರ ಮೇ 20ಕ್ಕೆ ಕೋಳಿಕ್ಕೋಡಿನ ಹತ್ತಿರ ಲಂಗರು ಬಿತ್ತು.

ವಾಪಸು ಹೋಗುವಾಗ ಆ ನಾವಿಕ ಇರಲಿಲ್ಲ, ಗಾಳಿ ತಿರುಗುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಆಗಸ್ಟ್ ಕೊನೆಯಲ್ಲಿ ಕೋಳಿಕ್ಕೋಡು ಬಿಟ್ಟು, ಅಂಜದೀವದಲ್ಲಿ ಕೆಲ ದಿನ ನಿಂತು, ಅಕ್ಟೋಬರ್ ಮೊದಲ ವಾರ ಹೊರಟ. ಬರುವಾಗ ಮೂರು ವಾರದಲ್ಲಿ ಮುಗಿದ ದಾರಿಗೆ ಈಗ ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು ತರಕಾರಿ ಇಲ್ಲದೆ ಒಸಡು ಊದಿ ಕೊಳೆಯುವ ಸ್ಕರ್ವಿ ರೋಗಕ್ಕೆ ಸುಮಾರು 30 ಮಂದಿ ಬಲಿಯಾದರು. ಉಳಿದ ಹಡಗುಗಳನ್ನು ನಡೆಸಲು ಜನ ಸಾಲದೆ ಒಂದು ಹಡಗನ್ನು ಆಫ್ರಿಕದ ದಡದಲ್ಲಿ ಸುಡಬೇಕಾಯಿತು.

ಆ ಪೆಟ್ಟಿನಿಂದ ಪೋರ್ಚುಗೀಸರು ಪಾಠ ಕಲಿತು ವೇಳಾಪಟ್ಟಿ ಮಾಡಿಕೊಂಡರು. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಡಬೇಕು. ಆಫ್ರಿಕದ ದಡ ಹಿಡಿದು ಇಳಿದರೆ ಎದುರುಗಾಳಿ, ಆದ್ದರಿಂದ ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ದೂರ ಸುತ್ತಿ, ದಕ್ಷಿಣದ ಗಾಳಿ ಹಿಡಿದು ಆಫ್ರಿಕದ ತುದಿಯನ್ನು ಬಳಸಬೇಕು. ಮುಂಗಾರಿನ ಬಾಲ ಹಿಡಿದು ಸೆಪ್ಟೆಂಬರ್ ಸುಮಾರಿಗೆ ಭಾರತ ಮುಟ್ಟಬೇಕು, ಡಿಸೆಂಬರ್ ಅಥವಾ ಜನವರಿಯಲ್ಲಿ ವಾಪಸು ಹೊರಡಬೇಕು. ಕಬ್ರಾಲ್ ಬ್ರೆಜಿಲ್ ಕಂಡದ್ದು ಹೀಗೆ ಪಶ್ಚಿಮಕ್ಕೆ ಸುತ್ತುವಾಗ.

ದಡದಲ್ಲಿ ಕಾದಿದ್ದವರು

ಗಾಳಿ ಹಡಗನ್ನು ದಡಕ್ಕೆ ತಂದೀತು, ವ್ಯಾಪಾರ ಕುದುರಿಸಲಾರದು. ಕೋಳಿಕ್ಕೋಡಿನ ಅರಸ ಸಾಮೂದಿರಿಗೆ ಗಾಮ ಒಯ್ದ ಕಾಣಿಕೆ ಎಂದರೆ ಬಟ್ಟೆಯ ತುಂಡು, ಟೊಪ್ಪಿ, ಕೈತೊಳೆಯುವ ತಟ್ಟೆ, ಸಕ್ಕರೆ, ಎಣ್ಣೆ, ಜೇನು. ಬಂಗಾರದಲ್ಲಿ ವ್ಯವಹರಿಸುತ್ತಿದ್ದ ಆಸ್ಥಾನದ ಅಧಿಕಾರಿಗಳು ಅದನ್ನು ಕಂಡು ನಕ್ಕರು. ಮಾರಲು ಒಳ್ಳೆಯ ಸರಕಿಲ್ಲದವರ ಕೈಯಲ್ಲಿ ಇದ್ದ ಬಲ ಒಂದೇ: ಹಡಗಿನ ಮೇಲಿನ ಫಿರಂಗಿ. ಈ ಸಮುದ್ರದ ಎಷ್ಟೋ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದರು. ಸರಕು ಸಾಗಿಸಲು ಅವು ಗಟ್ಟಿ, ಫಿರಂಗಿ ಹಾರಿಸುವ ಹೊಡೆತ ತಡೆಯಲು ಅಲ್ಲ. ಮೊಳೆ ಹೊಡೆದು ಕಟ್ಟಿದ ಪೋರ್ಚುಗೀಸ್ ಹಡಗುಗಳು ಆ ಹೊಡೆತ ತಡೆಯುತ್ತಿದ್ದವು.

1502ರಲ್ಲಿ ಎರಡನೇ ಸಲ ಬಂದ ಗಾಮ, ಮೆಕ್ಕಾದಿಂದ ಮರಳುತ್ತಿದ್ದ ನೂರಾರು ಯಾತ್ರಿಕರಿದ್ದ ಹಡಗನ್ನು ಮಲಬಾರ್ ಕರಾವಳಿಯ ಬಳಿ ಸುಟ್ಟ. ಭಟ್ಕಳದವರನ್ನು ಹೆದರಿಸಿ ಅಕ್ಕಿಯ ಕಪ್ಪಕ್ಕೆ ಒಪ್ಪಿಸಿದ. 1505ರಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಅಂಜದೀವದಲ್ಲಿ ಕೋಟೆ ಕಟ್ಟಿಸಿ ಹೊನ್ನಾವರದ ಮೇಲೆ ಬಿದ್ದ. ಅಂಜದೀವದ ಕೋಟೆಯನ್ನು ಮರುವರ್ಷವೇ ಬಿಟ್ಟು ಹೋಗಬೇಕಾಯಿತು.

ಫಿರಂಗಿ ಸುಡಬಲ್ಲದು, ಆಳಲಾರದು. ಆಳಲು ಸ್ಥಳದವರು ಬೇಕು. ಹೊನ್ನಾವರ ಕಡೆಯ ಕಡಲ ನಾಯಕ ತಿಮ್ಮಯ್ಯ ಪೋರ್ಚುಗೀಸ್ ದಾಖಲೆಗಳಲ್ಲಿ ತಿಮೋಜ ಎಂದು ಬರುವುದು ಇಲ್ಲಿಯೇ. 1510ರಲ್ಲಿ ಪೋರ್ಚುಗೀಸರ ನಾಯಕ ಅಫೊನ್ಸೊ ದ ಅಲ್ಬುಕರ್ಕ್ ಬೇರೆ ದಿಕ್ಕಿಗೆ ಹೊರಟಿದ್ದಾಗ, ಬಿಜಾಪುರದ ಆದಿಲ್ ಶಾಹಿಗಳ ಗೋವ ಈಗ ಬಲಹೀನವಾಗಿದೆ, ಅದನ್ನು ಹಿಡಿಯಿರಿ ಎಂದು ಸಲಹೆ ಕೊಟ್ಟವನು ಈತ. ತನ್ನ ದೋಣಿಗಳನ್ನೂ ಜನರನ್ನೂ ಕಳಿಸಿದ. ಫೆಬ್ರವರಿಯಲ್ಲಿ ಊರು ಕೈಗೆ ಬಂತು, ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಕಸಿದುಕೊಂಡಿತು, ನವೆಂಬರ್ 25ಕ್ಕೆ ಮತ್ತೆ ಪೋರ್ಚುಗೀಸರದಾಯಿತು. ಗೋವವನ್ನು ತನಗೇ ಗುತ್ತಿಗೆ ಕೊಡಬಹುದು ಎಂಬುದು ತಿಮ್ಮಯ್ಯನ ಎಣಿಕೆಯಾಗಿತ್ತು. ಸಿಕ್ಕಿದ್ದು ಸುತ್ತಲಿನ ಹಳ್ಳಿಗಳ ಕಂದಾಯ ಎತ್ತುವ ಅಧಿಕಾರ, ಅದೂ ಬಹಳ ಕಾಲ ಉಳಿಯಲಿಲ್ಲ.

ರಹದಾರಿ ಚೀಟಿಯ ಕೆಲಸ

ಪೋರ್ಚುಗೀಸರ ಆದಾಯದ ನಿಜವಾದ ಗುಟ್ಟು ಒಂದು ಕಾಗದ. ಅವರು ಅದನ್ನು ಕಾರ್ತಾಜ್ ಎನ್ನುತ್ತಿದ್ದರು, ನಮ್ಮ ಮಾತಿನಲ್ಲಿ ರಹದಾರಿ. ಅದು ಹೀಗೆ ನಡೆಯುತ್ತಿತ್ತು:

• ಹಡಗು ಹೊರಡಿಸುವ ವ್ಯಾಪಾರಿ ಹತ್ತಿರದ ಪೋರ್ಚುಗೀಸ್ ಠಾಣೆಯಲ್ಲಿ ಸಣ್ಣ ಶುಲ್ಕ ಕೊಟ್ಟು ಚೀಟಿ ಪಡೆಯಬೇಕು.

• ಹಡಗಿನ ಮುಖ್ಯಸ್ಥನ ಹೆಸರು, ಹಡಗಿನ ಗಾತ್ರ, ಎಷ್ಟು ಜನ, ಯಾವ ಆಯುಧ, ಯಾವ ಬಂದರಿಗೆ ಪಯಣ, ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು.

• ಕಾಳುಮೆಣಸಿನಂಥ ಸರಕನ್ನು ಅಪ್ಪಣೆ ಇಲ್ಲದೆ ಒಯ್ಯುವಂತಿಲ್ಲ, ಪೋರ್ಚುಗೀಸರ ಶತ್ರುಗಳನ್ನು ಹತ್ತಿಸಿಕೊಳ್ಳುವಂತಿಲ್ಲ.

• ಹೋಗುವಾಗಲೋ ಬರುವಾಗಲೋ ಗೋವದಂಥ ಅವರ ಬಂದರಿಗೆ ಬಂದು ಸುಂಕ ಕಟ್ಟಬೇಕು.

• ಚೀಟಿ ಇಲ್ಲದ ಹಡಗು ಕಾವಲು ದೋಣಿಗಳ ಕೈಗೆ ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು.

ಚೀಟಿಯ ಶುಲ್ಕದಿಂದ ಬರುತ್ತಿದ್ದುದು ಪುಡಿಗಾಸು. ದೊಡ್ಡ ಹಣ ಬರುತ್ತಿದ್ದುದು ಬಲವಂತವಾಗಿ ಕಟ್ಟಿಸಿಕೊಂಡ ಸುಂಕದಿಂದ. ಕ್ಯಾತ್ಸಂದ್ರದ ಟೋಲ್ ಗೇಟಿನಲ್ಲಿ ಹಣ ಕೊಟ್ಟಂತೆಯೇ ಇದು ಎನ್ನಿಸಬಹುದು. ಆದರೆ ಹೆದ್ದಾರಿಯನ್ನು ಯಾರೋ ಖರ್ಚು ಮಾಡಿ ಕಟ್ಟಿರುತ್ತಾರೆ. ಸಮುದ್ರವನ್ನು ಯಾರೂ ಕಟ್ಟಿರಲಿಲ್ಲ, ಅಲ್ಲಿ ಓಡಾಡಲು ಅದುವರೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಕ್ಬರನಂಥ ಚಕ್ರವರ್ತಿಯ ಹಡಗುಗಳೂ ಈ ಚೀಟಿ ಪಡೆದೇ ಸಾಗಬೇಕಾಯಿತು ಎಂದರೆ ಅದರ ಹಿಡಿತ ಎಷ್ಟಿತ್ತೆಂದು ಊಹಿಸಬಹುದು. ಕಳ್ಳದಾರಿಗಳೂ ಅಷ್ಟೇ ಇದ್ದವು. ರಾತ್ರಿ ನದಿಯ ಅಳಿವೆಯಿಂದ ಜಾರಿಕೊಳ್ಳುವ ಸಣ್ಣ ದೋಣಿಗಳನ್ನೆಲ್ಲ ಹಿಡಿಯುವಷ್ಟು ಕಾವಲು ಹಡಗುಗಳು ಗೋವದಲ್ಲಿ ಯಾವತ್ತೂ ಇರಲಿಲ್ಲ.

ಕುದುರೆ ಎಂಬ ದುಬಾರಿ ಸರಕು

ಬಯಲುಸೀಮೆಗೆ ಈ ಕಡಲ ವ್ಯಾಪಾರ ನೇರವಾಗಿ ತಟ್ಟಿದ್ದು ಕುದುರೆಯ ಮೂಲಕ. ದಕ್ಷಿಣದ ಹವೆಯಲ್ಲಿ, ಇಲ್ಲಿನ ಮೇವಿನಲ್ಲಿ ಯುದ್ಧದ ಕುದುರೆ ತಳಿ ಸರಿಯಾಗಿ ಬೆಳೆಯುತ್ತಿರಲಿಲ್ಲ. ಆದ್ದರಿಂದ ವಿಜಯನಗರದ ಅರಸರು ಅರೇಬಿಯ ಮತ್ತು ಪರ್ಷಿಯದ ಕುದುರೆಗಳನ್ನು ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ತರಿಸುತ್ತಿದ್ದರು. ಭಟ್ಕಳ, ಹೊನ್ನಾವರ ಅವುಗಳ ಇಳಿದಾಣ. ಅಲ್ಲಿಂದ ಘಟ್ಟ ಹತ್ತಿಸಿ ಹಂಪೆಗೆ ಒಯ್ಯಬೇಕು.

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿರುವಂತೆ, ಸಾಳುವ ನರಸಿಂಹ ಕುದುರೆ ತಂದವರಿಗೆ ಬಾಯಿಗೆ ಬಂದ ಬೆಲೆ ಕೊಡುತ್ತಿದ್ದ. ದಾರಿಯಲ್ಲಿ ಸತ್ತ ಕುದುರೆಯ ಬಾಲ ತೋರಿಸಿದರೂ ಹಣ ಸಿಗುತ್ತಿತ್ತು. ಕಡಲಿನ ಅಪಾಯವನ್ನೆಲ್ಲ ಅರಸನೇ ಹೊತ್ತ ಕಾರಣ ವ್ಯಾಪಾರಿ ಹೆದರದೆ ಮತ್ತೆ ಮತ್ತೆ ಕುದುರೆ ತರುತ್ತಿದ್ದ. ಇಂದಿನ ವಿಮೆಯ ಹಿಂದಿರುವುದೂ ಇದೇ ಲೆಕ್ಕ.

ಗೋವ ಹಿಡಿದ ಮೇಲೆ ಅಲ್ಬುಕರ್ಕ್ ಕುದುರೆ ಹಡಗುಗಳೆಲ್ಲ ಗೋವಕ್ಕೇ ಬರಬೇಕೆಂದು ಕಟ್ಟುಮಾಡಿದ. ಕೃಷ್ಣದೇವರಾಯನಿಗೆ ದೂತರನ್ನು ಕಳಿಸಿದ. ಅವನ ಬೇಡಿಕೆ ಭಟ್ಕಳದಲ್ಲಿ ಕೋಟೆ, ಕೊಡುಗೆ ಕುದುರೆ. ವಿಜಯನಗರ ಕುದುರೆ ಕೊಂಡಿತು, ಸ್ನೇಹ ಇಟ್ಟುಕೊಂಡಿತು, ತನಗೆ ಬೇಕಾದಷ್ಟನ್ನು ಮಾತ್ರ ಬಿಟ್ಟುಕೊಟ್ಟಿತು. ರಾಯಚೂರಿನ ಮುತ್ತಿಗೆಯಲ್ಲಿ ಕೆಲವು ಪೋರ್ಚುಗೀಸ್ ಬಂದೂಕುದಾರರು ಕೃಷ್ಣದೇವರಾಯನ ಪರ ಹೋರಾಡಿದರು. 1547ರ ಒಪ್ಪಂದದಲ್ಲಿ, ಗೋವಕ್ಕೆ ಬರುವ ಕುದುರೆಗಳೆಲ್ಲ ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಹೋಗಬಾರದು ಎಂದಾಯಿತು. ಅಂದರೆ ಪೋರ್ಚುಗೀಸರ ಹಡಗು ಯಾರಿಗೆ ಕುದುರೆ ಇಳಿಸುತ್ತದೆ ಎಂಬುದರ ಮೇಲೆ ಕೃಷ್ಣಾ ತೀರದ ಯುದ್ಧಗಳ ಬಲಾಬಲ ನಿಂತಿತ್ತು. 1565ರಲ್ಲಿ ತಾಳಿಕೋಟೆ ಕದನದಲ್ಲಿ ವಿಜಯನಗರ ಸೋತಾಗ ಗೋವದ ಕುದುರೆ ವ್ಯಾಪಾರಕ್ಕೂ ದೊಡ್ಡ ಪೆಟ್ಟು ಬಿತ್ತು.

ಒಳನಾಡಿನಲ್ಲೇ ಒಳ್ಳೆಯ ಕುದುರೆ ಬೆಳೆಸಬೇಕು ಎಂಬ ಆಸೆ ಮುಂದಿನ ದೊರೆಗಳಿಗೆ ಬಂದದ್ದು ಸಹಜ. ಕುಣಿಗಲ್‌ನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ ಅಶ್ವದಳಕ್ಕೆ ನಂಟು ಹೊಂದಿರುವುದು ಆ ಹಿನ್ನೆಲೆಯಲ್ಲೇ.

ವ್ಯವಸ್ಥೆ ಎಲ್ಲಿ ಕೈಕೊಡುತ್ತಿತ್ತು?

ಗೋವದ ಪೇಟೆಗೆ ಕಾಳುಮೆಣಸು ಘಟ್ಟದ ತೋಟಗಳಿಂದ ಬರಬೇಕು. ಗೋವದ ಹೊಟ್ಟೆಗೆ ಅಕ್ಕಿ ಕರಾವಳಿಯ ಗದ್ದೆಗಳಿಂದ ಬರಬೇಕು. ಎರಡೂ ಕನ್ನಡದ ಅರಸರ ಕೈಯಲ್ಲಿದ್ದವು. ಬಸರೂರು, ಹೊನ್ನಾವರ, ಮಂಗಳೂರಿನಿಂದ ಅಕ್ಕಿ ದೋಣಿಗಳು ಕಾವಲು ಹಡಗುಗಳ ನಡುವೆ ಸಾಲಾಗಿ ಗೋವಕ್ಕೆ ಹೋಗುತ್ತಿದ್ದವು. ಆ ಸಾಲು ನಿಂತರೆ ಗೋವದಲ್ಲಿ ಒಲೆ ಉರಿಯುತ್ತಿರಲಿಲ್ಲ. ಇಲ್ಲಿನವರಿಗೆ ಆ ದುರ್ಬಲ ಜಾಗ ಚೆನ್ನಾಗಿ ಗೊತ್ತಿತ್ತು.

ಉಳ್ಳಾಲದ ಚೌಟ ಮನೆತನದ ರಾಣಿ ಅಬ್ಬಕ್ಕ ಕಪ್ಪ ಕೊಡಲು ಒಪ್ಪದೆ ಪೋರ್ಚುಗೀಸರ ದಾಳಿಗಳನ್ನು ಎದುರಿಸಿದಳು. ಕೋಳಿಕ್ಕೋಡಿನ ಸಾಮೂದಿರಿ, ಮಾಪಿಳ್ಳೆ ನಾವಿಕರು ಅವಳ ಜೊತೆಗಿದ್ದರು. ಉಳ್ಳಾಲದ ರಾಣಿಯೊಬ್ಬಳನ್ನು 1623ರಲ್ಲಿ ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ, ಆಕೆ ಆಡಂಬರವಿಲ್ಲದೆ ಬರಿಗಾಲಲ್ಲಿ ನಿಂತು ಕಾಲುವೆ ಕೆಲಸ ಮಾಡಿಸುತ್ತಿದ್ದುದನ್ನು ಬರೆದಿದ್ದಾನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಎಂದು. ಅವಳ ಜೊತೆ ಯುದ್ಧವನ್ನೂ ಮಾಡಿದರು, ಮೆಣಸಿಗಾಗಿ ಅವಳ ಬಾಗಿಲಿಗೂ ಹೋದರು.

1568 ಮತ್ತು 1569ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸರ ಕೋಟೆಗಳು ಎದ್ದವು. ಕೋಟೆಯ ಗೋಡೆಯಿಂದ ಆಚೆಗೆ ಅವರ ಮಾತು ನಡೆಯುತ್ತಿರಲಿಲ್ಲ. ಘಟ್ಟದ ಮೇಲಿನಿಂದ ಇಳಿದ ಕೆಳದಿಯ ನಾಯಕರು ಮೆಣಸಿನ ಬೆಲೆಯನ್ನು ತಾವೇ ನಿಗದಿ ಮಾಡತೊಡಗಿದರು. ಅವರಲ್ಲೊಬ್ಬನಾದ ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿ ಘಟ್ಟ ಹತ್ತಿ ಹೋಗಬೇಕಾಯಿತು. ಕೊನೆಗೆ ಶಿವಪ್ಪ ನಾಯಕ 1652ರಿಂದ 1654ರೊಳಗೆ ಆ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡ. ಮುಂದೆ ಪೋರ್ಚುಗೀಸರು ಈ ಕರಾವಳಿಯಲ್ಲಿ ವ್ಯಾಪಾರ ಮಾಡಿದ್ದು ಕೆಳದಿಯೊಂದಿಗೆ ಒಪ್ಪಂದ ಬರೆದುಕೊಟ್ಟ ಮೇಲೆ.

ಗೋವದೊಳಗೆ ಮಾತ್ರ ಅವರ ಆಳ್ವಿಕೆ ಬಿಗಿಯಾಗಿತ್ತು. ದೇವಾಲಯಗಳು ಬಿದ್ದವು, 1560ರಲ್ಲಿ ಧರ್ಮವಿಚಾರಣೆಯ ನ್ಯಾಯಮಂಡಳಿ ಬಂತು. ಆ ಶತಮಾನಗಳಲ್ಲಿ ಗೋವ ಬಿಟ್ಟು ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಕಾರವಾರದಿಂದ ಮಂಗಳೂರಿನವರೆಗೆ ಇಂದಿಗೂ ಅವರ ವಂಶದವರಿದ್ದಾರೆ.

ಅಮೆರಿಕದಲ್ಲಿ ಬೇರೆಯಾದದ್ದು ಏಕೆ?

ಮುಖ್ಯ ಕಾರಣ ರೋಗ. ಸಿಡುಬು, ದಡಾರ ಏಷ್ಯ, ಯುರೋಪ್, ಆಫ್ರಿಕಗಳಲ್ಲಿ ಸಾವಿರಾರು ವರ್ಷ ಓಡಾಡಿದ್ದವು. ನಮ್ಮ ಜನರಲ್ಲಿ ಅವು ಸಾವು ತಂದರೂ, ಬದುಕುಳಿದವರ ಮೈಯಲ್ಲಿ ತಡೆಯುವ ಶಕ್ತಿ ಇರುತ್ತಿತ್ತು. ಅಮೆರಿಕದವರಿಗೆ ಅವು ಪೂರ್ತಿ ಹೊಸವು. 1492ರಲ್ಲಿ ಕೊಲಂಬಸ್‌ಗೆ ನೀರು, ಆಹಾರ ಕೊಟ್ಟು ಬರಮಾಡಿಕೊಂಡ ಕೆರಿಬಿಯನ್ ದ್ವೀಪಗಳ ತಾಯ್ನೊ ಜನ, ಗಣಿ ಮತ್ತು ತೋಟಗಳ ಜೀತದಿಂದ ಆಗಲೇ ಸೊರಗಿದ್ದರು. 1518ರ ಕೊನೆಯಲ್ಲಿ ಸಿಡುಬು ಬಂದು ಉಳಿದವರಲ್ಲೂ ಅನೇಕರನ್ನು ಬಲಿ ತೆಗೆದುಕೊಂಡಿತು. 1520ರಲ್ಲಿ ಅದು ಮೆಕ್ಸಿಕೊ ಹೊಕ್ಕಿತು, ಮರುವರ್ಷ ಅಜ್ಟೆಕ್ ರಾಜಧಾನಿ ತೆನೋಚ್‌ತಿತ್ಲಾನ್ ಸ್ಪೇನಿನವರ ವಶವಾಯಿತು. ಅಲ್ಲಿಯೂ ಸ್ಪೇನಿನವರ ಜೊತೆ ಸಾವಿರಾರು ಸ್ಥಳೀಯ ಯೋಧರಿದ್ದರು, ಅಜ್ಟೆಕರ ಮೇಲೆ ಹಗೆ ಇದ್ದ ತ್ಲಾಶ್ಕಲಾದವರು ಅವರಲ್ಲಿ ಮುಖ್ಯರು. ತಿಮ್ಮಯ್ಯನ ಲೆಕ್ಕಾಚಾರವೇ ಅವರದೂ ಆಗಿತ್ತು. ಆದರೆ ಅವರ ಹಿಂದೆ, ಪೆಟ್ಟು ತಿಂದರೂ ಜನಬಲ ಉಳಿಸಿಕೊಳ್ಳುವ ವಿಜಯನಗರ, ಬಿಜಾಪುರ, ಕೆಳದಿಯಂಥ ರಾಜ್ಯಗಳು ಉಳಿಯಲಿಲ್ಲ.

ಎರಡನೆಯ ಕಾರಣ ಕುದುರೆ, ಕಬ್ಬಿಣ, ಮದ್ದುಗುಂಡು. ಅಮೆರಿಕದವರಿಗೆ ಈ ಮೂರೂ ಇರಲಿಲ್ಲ. ಇಲ್ಲಿ ಮೂರೂ ಇದ್ದವು, ಸಾಲದ್ದನ್ನು ಕೊಳ್ಳುವ ಹಣವೂ ಇತ್ತು.

ಊರ್ಡಿಗೆರೆಗೆ ಬಂದದ್ದು

ತುಮಕೂರು ಸೀಮೆಯಲ್ಲಿ ಆಗ ಇದ್ದವರು ವಿಜಯನಗರದ ಅಧೀನರು, ಹಾಗಲವಾಡಿಯಂಥ ಪಾಳೆಯಗಾರರು. ಪೋರ್ಚುಗೀಸ್ ಹಡಗು ಅವರಿಗೆ ಕೇಳಿದ ಸುದ್ದಿ ಅಷ್ಟೇ. ಹೊಲಕ್ಕೆ ಬಂದ ಬೀಜ ಮಾತ್ರ ಸುದ್ದಿಯಾಗಿ ಉಳಿಯಲಿಲ್ಲ.

ದೂರದಿಂದ ಬೆಳೆ ಬರುವುದು ಈ ನೆಲಕ್ಕೆ ಹೊಸದಲ್ಲ. ರಾಗಿ ಪೂರ್ವ ಆಫ್ರಿಕದ ಮೂಲದ್ದು, ಹುಣಸೆಯೂ ಆಫ್ರಿಕದ್ದು. ಅವೆರಡೂ ಯುರೋಪಿನ ಹಡಗುಗಳಿಗಿಂತ ಸಾವಿರಾರು ವರ್ಷ ಮೊದಲೇ ಬಂದು ನಮ್ಮವಾಗಿದ್ದವು. 1492ರ ನಂತರ ಬಂದವುಗಳ ಸಾಲು ಬೇರೆ. ಮೆಣಸಿನಕಾಯಿ, ಮುಸುಕಿನ ಜೋಳ, ಟೊಮೆಟೊ ಮೆಕ್ಸಿಕೊ ಕಡೆಯವು. ಆಲೂಗಡ್ಡೆ ಆಂಡಿಸ್ ಬೆಟ್ಟಗಳದ್ದು. ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಗೋಡಂಬಿ ಬ್ರೆಜಿಲ್‌ನದು. ಸೀಬೆ, ಪರಂಗಿ, ಸೀತಾಫಲ, ಅನಾನಸ್, ಹುರುಳಿಕಾಯಿ, ಹೊಗೆಸೊಪ್ಪು, ಸೂರ್ಯಕಾಂತಿ, ಎಲ್ಲವೂ ಅಮೆರಿಕದ ಖಂಡಗಳವೇ.

ಇವೆಲ್ಲ ಒಂದೇ ಸಲ ಬರಲಿಲ್ಲ, ಒಬ್ಬರೇ ತರಲಿಲ್ಲ. ಮೊದಲು ಹರಡಿದ್ದು ಮೆಣಸಿನಕಾಯಿ. ಅದರ ಬೀಜ ಹಗುರ, ಒಣಗಿಸಿಟ್ಟರೆ ಕೆಡುವುದಿಲ್ಲ, ಹಿತ್ತಲಿನಲ್ಲೂ ಬೆಳೆಯುತ್ತದೆ. ಕಾಳುಮೆಣಸಿನ ಬಳ್ಳಿಗೆ ಘಟ್ಟದ ಮಳೆ, ನೆರಳು ಬೇಕು. ಅದನ್ನು ಕೊಂಡು ತಿನ್ನಬೇಕಿದ್ದ ಬಯಲುಸೀಮೆಯ ಬಡವನಿಗೆ, ಮನೆಯಲ್ಲೇ ಬೆಳೆದುಕೊಳ್ಳುವ ಖಾರ ಸಿಕ್ಕಿತು. ಕಡಲೆಕಾಯಿ ದೊಡ್ಡ ಪ್ರಮಾಣದಲ್ಲಿ ಬೆಳೆಯತೊಡಗಿದ್ದು 19ನೇ ಶತಮಾನದಲ್ಲಿ. ಪಾವಗಡ, ಶಿರಾ, ಮಧುಗಿರಿಯ ಮಳೆ ಕಮ್ಮಿಯ ಕೆಂಪು ನೆಲಕ್ಕೆ ಅದು ಒಗ್ಗಿತು. ಆಲೂಗಡ್ಡೆ, ಟೊಮೆಟೊ ಹರಡಿದ್ದು ಬ್ರಿಟಿಷರ ಕಾಲದಲ್ಲಿ.

ಈ ಬೆಳೆಗಳನ್ನು ರೂಪಿಸಿದ್ದು ಕೊಲಂಬಸ್ಸನೂ ಅಲ್ಲ, ಗಾಮನೂ ಅಲ್ಲ. ಮೆಕ್ಸಿಕೊದ ಮೂಲನಿವಾಸಿ ರೈತರು ಸುಮಾರು 9000 ವರ್ಷಗಳ ಹಿಂದೆ ಒಂದು ಕಾಡುಹುಲ್ಲನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ ಮುಸುಕಿನ ಜೋಳ ಮಾಡಿದರು. ಯುರೋಪಿನವರು ಸಾಗಣೆದಾರರು. ಬೆಳೆಸಿದ ಜನರ ನೆಲ ಹೋಯಿತು, ಅವರ ಬೀಜ ಜಗತ್ತನ್ನೆಲ್ಲ ಸುತ್ತಿ ಇಲ್ಲಿಗೂ ಬಂತು.

ಹೋಗಿ ನೋಡುವವರಿಗೆ

ತುಮಕೂರಿನಿಂದ ಗುಬ್ಬಿ, ತಿಪಟೂರು, ಶಿವಮೊಗ್ಗ, ಸಾಗರದ ಮೂಲಕ ಸಾಗುವ ಹಳೆಯ ರಾಷ್ಟ್ರೀಯ ಹೆದ್ದಾರಿ 206 ಮುಗಿಯುವುದೇ ತಿಮ್ಮಯ್ಯನ ಹೊನ್ನಾವರದಲ್ಲಿ. ದಾರಿಯಲ್ಲಿ ಸಾಗರದ ಬಳಿ ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿಯ ವಸ್ತುಸಂಗ್ರಹಾಲಯ ನೋಡಬಹುದು. ಘಟ್ಟ ಇಳಿದರೆ ಗೇರುಸೊಪ್ಪೆಯ ಚತುರ್ಮುಖ ಬಸದಿ, ಕುಮಟಾ ಬಳಿ ಮಿರ್ಜಾನ್ ಕೋಟೆ, ದಕ್ಷಿಣಕ್ಕೆ ತಿರುಗಿದರೆ ಭಟ್ಕಳ, ಕುಂದಾಪುರದ ಹತ್ತಿರ ಬಸರೂರು. ಉಳ್ಳಾಲಕ್ಕೆ ಹೋಗುವವರಿಗೆ ಕುಣಿಗಲ್ ಮೇಲೆ ಹಾಸನ, ಸಕಲೇಶಪುರ ದಾಟಿ ಮಂಗಳೂರು ಮುಟ್ಟುವ ರೈಲು ದಾರಿ ಇದೆ. ಅಂಜದೀವ ನೌಕಾಪಡೆಯ ವಶದಲ್ಲಿರುವುದರಿಂದ ದ್ವೀಪಕ್ಕೆ ಕಾಲಿಡುವ ಯೋಜನೆ ಹಾಕಿಕೊಳ್ಳಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಈ ಪ್ರವಾಸಕ್ಕೆ ಅನುಕೂಲ.

ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ವಾಸ್ಕೋ ಡ ಗಾಮ ಎಂದು ಬರೆಸಿ ಅಲ್ಲಿಗೇ ನಿಲ್ಲಿಸಬೇಡಿ. ಅವನಿಗೆ ದಾರಿ ತೋರಿಸಿದವರು ಯಾರು, ಅಕ್ಕಿ ಕೊಟ್ಟವರು ಯಾರು, ಕೋಟೆ ಬಿಡಿಸಿದವರು ಯಾರು ಎಂದೂ ಕೇಳಿ.